ಮನೆಯ ಹಿಂದೆ ಕಟ್ಟಿದ ಕಾರು

೧೯೯೯ನೆಯ ಇಸವಿ, ನನಗಾಗ ನಲವತ್ತೇಳು ವರ್ಷ. ಆ ವರ್ಷದ ಸಂಗತಿಯನ್ನು ಹೇಳುವ ಮೊದಲು, ಓದುಗ ಮಿತ್ರರೇ, ನಮ್ಮ ಕಡೆಯ ಅಂಗಳಗಳಲ್ಲಿ ತುಳಸಿಕಟ್ಟೆಯಷ್ಟೇ ಕಾಯಮ್ಮಾಗಿ ಕಾಣಿಸುವ ಇನ್ನೊಂದು ವಸ್ತುವನ್ನು ತಮಗೆ ಪರಿಚಯಿಸಬೇಕು. ಅದು ಚಕ್ರಕ್ಕೆ ಒಡ್ಡುವ ಕಲ್ಲು. ಸಮತಲವೆಂಬುದು ಮೂಡಿಗೆರೆ ಸೀಮೆಯಲ್ಲಿ ಕೇರಂ ಹಲಗೆಯ ಮೇಲಲ್ಲದೆ ಬೇರೆಲ್ಲೂ ದೊರೆಯದು. ಹೀಗಾಗಿ ಇಲ್ಲಿ ಗಾಡಿ ನಿಲ್ಲಿಸಿದವನು ಅದನ್ನು ಮೊದಲನೆಯ ಗೇರಿನಲ್ಲಿ ಬಿಟ್ಟು, ಹಿಂಚಕ್ರಕ್ಕೊಂದು ಕಲ್ಲನ್ನು ಒಡ್ಡಿದ ಮೇಲೆಯೇ ಮನೆಯೊಳಗೆ ಕಾಲಿಡುತ್ತಾನೆ. ಹಾಗೆ ಮಾಡದೆ ಒಳಬಂದವನನ್ನು ಕಾಲು ತೊಳೆಯದೆ ಬಂದವನಂತೆ ನೋಡುತ್ತಾರೆ. ವಾಹನ ನಡೆಸಲು ಬಾರದವರೂ ಈ ವ್ರತವನ್ನು ಬಲ್ಲರು. ಪರರ ಗಾಡಿಯ ಪರವಾಗಿಯೂ ಅದನ್ನು ಆಚರಿಸಿ ಪುಣ್ಯ ಕಟ್ಟಿಕೊಳ್ಳುವರು.

ನಾನು ಮೂಡಿಗೆರೆಯ ಪ್ರೌಢಶಾಲೆಯಲ್ಲಿ ಬಹುಕಾಲ ಕನ್ನಡ ವ್ಯಾಕರಣವನ್ನು ಬೋಧಿಸಿ, ಅಲ್ಪಪ್ರಾಣ ಮಹಾಪ್ರಾಣಗಳ ಕಾವಲಿನಲ್ಲಿ ನನ್ನ ಪ್ರಾಣವೇ ಸವೆಯುತ್ತಿದೆಯೆಂದು ತಿಳಿದಾಗ ರಾಜೀನಾಮೆಯಿತ್ತು, ಪಾಲಿಗೆ ಬಂದ ನಾಲ್ಕೆಕರೆ ಕಾಫಿಯನ್ನು ನೋಡಿಕೊಳ್ಳುತ್ತಿದ್ದೆ. ನನ್ನ ಅಕ್ಕ ಸರೋಜಳನ್ನು ಗೋಣಿಬೀಡಿನ ಬಳಿಯ ತೋಟಕ್ಕೆ ಕೊಟ್ಟಿತ್ತು. ಅವಳ ಗಂಡ ಧರ್ಮಪ್ಪಭಾವನವರು ಕೈಕೊಳ್ಳದ ಕೆಲಸವಿಲ್ಲ, ಕೈಕೊಂಡು ಅರ್ಧಕ್ಕೆ ಬಿಟ್ಟ ಕೆಲಸವೂ ಇಲ್ಲ. ಕಾಫಿಗೆ ಒಳ್ಳೆಯ ಬೆಲೆ ಬಂದ ಆ ವರ್ಷಗಳಲ್ಲಿ ಇತರರು ಹೊಸ ಕಾರು ಕೊಂಡರು, ಭಾವ ಹಳೆಯದೊಂದು ಸಣ್ಣ ಬಸ್ಸನ್ನು ಕೊಂಡರು. ಬಾಗಿಲಿಗೆ ತಗ್ಗಾದ ಮೆಟ್ಟಿಲು ಹಚ್ಚಿ, ಆಸನಗಳನ್ನು ಕಿತ್ತು, ಎರಡು ಮಂಚ, ಒಂದು ಒಲೆ, ನೀರಿನ ತೊಟ್ಟಿ, ಮೂಲೆಯಲ್ಲೊಂದು ಪುಟ್ಟ ಶೌಚಗೃಹ, ಇಷ್ಟನ್ನೂ ಅದರೊಳಗೆ ಕೂರಿಸಿದರು. ಊರವರು ಅದಕ್ಕೆ ‘ಧರ್ಮಶಾಲೆ’ ಎಂದು ಹೆಸರಿಟ್ಟು ನಕ್ಕರು.

ನಗದೆ ಇದ್ದವಳು ಅಕ್ಕ ಒಬ್ಬಳೇ. ಅವಳಿಗೆ ಸಮುದ್ರವನ್ನು ನೋಡಬೇಕಿತ್ತು. ಚಾರ್ಮಾಡಿಯ ಘಟ್ಟವನ್ನಿಳಿದು ಬಯಲು ದಾಟಿದರೆ ಸಿಗುವ ಸಮುದ್ರ. ಮೀನು ಮಾರುವವರು ಬೆಳಗಾಗುವಷ್ಟರಲ್ಲಿ ಅಲ್ಲಿಂದ ಮೇಲೆ ಬಂದಿರುತ್ತಾರೆ. ಆದರೆ ಅಕ್ಕನ ಮೊಣಕಾಲುಗಳು ಎಳೆಯ ವಯಸ್ಸಿನಲ್ಲಿಯೇ ಬಾಗಲೊಲ್ಲದ ಮೊಣಕಾಲುಗಳಾಗಿದ್ದವು. ಬಸ್ಸಿನ ಮೆಟ್ಟಿಲು ಅವಳಿಗೆ ಎತ್ತರ, ಛತ್ರಗಳ ಶೌಚಾಲಯ ಅಸಾಧ್ಯ. ಒಮ್ಮೆ ಹೊರಟು ಕೊಟ್ಟಿಗೆಹಾರದಿಂದಲೇ ಹಿಂದಿರುಗಿದ್ದಳು. ಭಾವ ಮನೆಗೆ ಚಕ್ರ ಕಟ್ಟಿಸಿದ್ದು ಅದಕ್ಕಾಗಿಯೇ. ಇದನ್ನು ಅವರು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ನಮ್ಮ ಕಡೆಯ ಗಂಡಸರು ಪ್ರೀತಿಯನ್ನು ವೆಲ್ಡಿಂಗ್ ಮಾಡಿಸುತ್ತಾರೆಯೇ ಹೊರತು ಉಚ್ಚರಿಸುವುದಿಲ್ಲ.

ಎಲ್ಲ ಸಿದ್ಧವಾದ ಮೇಲೆ ಭಾವನವರಿಗೊಂದು ಸಂದೇಹ ಹುಟ್ಟಿತು. ಈ ಬಸ್ಸು ಕರಾವಳಿಯ ಪೇಟೆಯ ಗಲ್ಲಿಗಳೊಳಗೆ ನುಗ್ಗುವುದಿಲ್ಲ. ದೂರದಲ್ಲಿ ನಿಲ್ಲಿಸಿದರೆ ಅಕ್ಕ ನಡೆಯಲಾರಳು. ಮನೆಯನ್ನೇ ಕಟ್ಟಿಕೊಂಡು ಹೊರಟವನಿಗೆ ಮನೆಯಿಂದ ಹೊರಗೆ ಹೋಗಲು ಇನ್ನೊಂದು ವಾಹನ ಬೇಕಾಗುತ್ತದೆಂಬ ಈ ಸತ್ಯವನ್ನು ಬಸವನಹುಳು ಎಂದೂ ಎದುರಿಸಿರಲಾರದು. ಭಾವ ನನ್ನ ಕಾರಿನತ್ತ ನೋಡಿದರು. ಹಿಂಚಕ್ರಗಳ ಬಲದಿಂದ ಓಡುವ ಹಳೆಯ ಕಾಲದ ಬಿಳಿಯ ಕಾರು ನನ್ನದು. ನನ್ನಂತೆಯೇ ನಿಧಾನವಾದರೂ ನಿಯಮ ತಪ್ಪದ್ದು. ಅದನ್ನು ಬಸ್ಸಿನ ಹಿಂದೆ ಕಟ್ಟಿಕೊಂಡು ಹೋಗುವುದೆಂದೂ, ನಾನೂ ಜೊತೆಗೆ ಬರುವುದೆಂದೂ ಅವರು ತೀರ್ಮಾನಿಸಿದರು. ನಾಮಪದದ ಹಿಂದೆ ವಿಭಕ್ತಿಪ್ರತ್ಯಯ ಹೋದಂತೆ ಎಂದು ನಾನು ಹೇಳಿದೆ. ಪ್ರತ್ಯಯಕ್ಕೆ ಪೆಟ್ರೋಲು ಬೇಡವಲ್ಲ ಮಾರಾಯ, ಎಂದರು.

ಪೆಟ್ರೋಲು ಬೇಡವಾಗಿತ್ತು, ಉಳಿದುದೆಲ್ಲ ಬೇಕಾಗಿತ್ತು. ಜಗತ್ತಿನಲ್ಲಿ ಅತ್ಯಂತ ದುಬಾರಿಯಾದ ಮಾತು ‘ಒಂದು ಕೊಂಡಿ ಹಾಕಿಸಿದರೆ ಆಯಿತು’ ಎಂಬುದೆಂದು ನಾನು ಆ ಬೇಸಗೆಯಲ್ಲಿ ಕಲಿತೆ. ಮೂಡಿಗೆರೆಯ ವೆಲ್ಡಿಂಗ್ ಸಾಹೇಬರು ಟ್ರ್ಯಾಕ್ಟರಿನ ಟ್ರೇಲರುಗಳನ್ನು ಮಾಡಿ ಪಳಗಿದವರು. ನನ್ನ ಕಾರನ್ನೂ ಗೊಬ್ಬರ ಹೊರುವ ಟ್ರೇಲರೆಂದೇ ಭಾವಿಸಿ, ಆನೆ ಎಳೆದರೂ ಬಾಗದ ಕಬ್ಬಿಣದ ತೋಳೊಂದನ್ನು ಮಾಡಿಕೊಟ್ಟರು. ತೋಳನ್ನು ಹೊರಲು ಕಾರಿನ ಮುಂದಣ ಬಂಪರು ಸಾಲದಾಯಿತು. ಅದನ್ನು ತೆಗೆದು ಮತ್ತೊಂದು ಕೂರಿಸಿದರು. ಬಂಪರಿನ ಭಾರಕ್ಕೆ ಸ್ಪ್ರಿಂಗು ಕುಗ್ಗಿತು, ಸ್ಪ್ರಿಂಗು ಬದಲಾಯಿತು. ಬಸ್ಸು ತಿರುಗುವಾಗ ಹಿಂದಿನ ಕಾರಿನ ದೀಪವೂ ಮಿಣುಕಬೇಕೆಂದು ತಂತಿ ಎಳೆದದ್ದಾಯಿತು. ಆ ತಂತಿಯ ದೆಸೆಯಿಂದ ಬಲಕ್ಕೆ ತಿರುಗಿದರೆ ಹಾರ್ನು ಕೂಗತೊಡಗಿತು. ತೋಳು ತುಂಡಾದರೆಂಬ ಭಯಕ್ಕೆ ಎರಡು ಸರಪಳಿ. ಸಾರಿಗೆ ಕಚೇರಿಯಲ್ಲಿ ವಿಚಾರಿಸಿದರೆ, ಕೆಟ್ಟ ಕಾರನ್ನು ಎಳೆದೊಯ್ಯುವುದಕ್ಕೂ ಟ್ರೇಲರನ್ನು ಎಳೆದೊಯ್ಯುವುದಕ್ಕೂ ನಿಯಮವುಂಟು, ಸುಸ್ಥಿತಿಯಲ್ಲಿರುವ ಕಾರನ್ನು ಏಕೆ ಎಳೆಯುತ್ತೀರಿ ಎಂದು ಗುಮಾಸ್ತರು ಬಹಳ ವಿನಯದಿಂದ ಕೇಳಿದರು.

ಒಟ್ಟು ವೆಚ್ಚ ಕಾರಿನ ಬೆಲೆಯ ಅರ್ಧವನ್ನು ಮುಟ್ಟಿದಾಗ ಮೆಕ್ಯಾನಿಕ್ಕು ಇನ್ನೊಂದನ್ನು ಸೂಚಿಸಿದ: ಎಳೆಯುವಾಗಲೆಲ್ಲ ಕಾರಿನ ಅಡಿಯಲ್ಲಿ ಗೇರುಪೆಟ್ಟಿಗೆಯನ್ನು ಹಿಂಚಕ್ರಗಳಿಗೆ ಕೂಡಿಸುವ ಶಾಫ್ಟನ್ನು ಕಳಚಿಟ್ಟರೆ ಗೇರುಪೆಟ್ಟಿಗೆಗೆ ಅಪಾಯವಿಲ್ಲ. ಭಾವ ಒಪ್ಪಲಿಲ್ಲ. ಗೇರು ನ್ಯೂಟ್ರಲಿನಲ್ಲಿದ್ದರೆ ಸಾಕು, ಅದನ್ನು ಯಾರು ಮುಟ್ಟುತ್ತಾರೆ ಎಂದರು.

ಇಷ್ಟೆಲ್ಲ ಏಕೆ ಎಂದು ನಾನು ಆಗ ಕೇಳಿಕೊಳ್ಳಲಿಲ್ಲ, ಈಗ ಕೇಳಿಕೊಳ್ಳುತ್ತೇನೆ. ಗುಡ್ಡಕ್ಕೊಂದು ಮನೆ ಕಟ್ಟಿಕೊಂಡು ಬಾಳುವವರು ನಾವು. ಅಕ್ಕಿಯ ಗಿರಣಿಯಿಂದ ಹಿಡಿದು ವಿದ್ಯುತ್ತಿನ ಜನರೇಟರಿನವರೆಗೆ ಎಲ್ಲವೂ ತೋಟದೊಳಗೇ ಇರಬೇಕು; ಅಪರಿಚಿತನ ಮುಂದೆ ನಿಂತು ‘ಸ್ವಲ್ಪ ಅಲ್ಲಿಯವರೆಗೆ ಬಿಡ್ತೀರಾ’ ಎಂದು ಕೇಳುವ ಪ್ರಸಂಗ ಬರಬಾರದು. ಸ್ವಾವಲಂಬನೆಯೆಂಬ ಸುಂದರ ಸಮಾಸದೊಳಗೆ ಸಂಕೋಚವೂ ಒಂದು ಪದವಾಗಿ ಅಡಗಿ ಕುಳಿತಿರುತ್ತದೆ. ನಾವು ಕಬ್ಬಿಣಕ್ಕೆಂದು ತೆತ್ತ ಹಣದ ಬಹುಪಾಲು ಸಂದದ್ದು ಆ ಸಂಕೋಚಕ್ಕೆ.

ಏಪ್ರಿಲಿನ ಒಂದು ಭಾನುವಾರ ಪರೀಕ್ಷಾರ್ಥ ಪ್ರಯಾಣವೆಂದು ನಿಶ್ಚಯವಾಯಿತು. ಗೋಣಿಬೀಡಿನಿಂದ ಕೊಟ್ಟಿಗೆಹಾರಕ್ಕೆ ಹೋಗಿ ಬರುವುದು. ಪೂರ್ತಿ ಭಾರದಲ್ಲಿಯೇ ಪರೀಕ್ಷಿಸಬೇಕೆಂದು ಭಾವ ತೊಟ್ಟಿಗೆ ನೀರು ತುಂಬಿಸಿ, ಅಕ್ಕಿ, ಬೇಳೆ, ಹಾಸಿಗೆ, ಎಲ್ಲವನ್ನೂ ಹೇರಿಸಿದರು; ಅಕ್ಕನೂ ಭಾರದ ಲೆಕ್ಕಕ್ಕೆ ಬೇಕೆಂದು ಅವಳನ್ನು ಹತ್ತಿಸಿದರು. ಅವಳು ಹೊಸ ಸೀರೆಯುಟ್ಟಿದ್ದಳು. ಭಾವನವರೇ ಬಸ್ಸು ನಡೆಸಿದರು. ನಾನು ಹಿಂಬದಿಯ ಗಾಜಿನ ಬಳಿ ಕುಳಿತು, ನನ್ನ ಕಾರು ಚಾಲಕನಿಲ್ಲದೆ ನನ್ನನ್ನೇ ಹಿಂಬಾಲಿಸುವ ವಿಚಿತ್ರವನ್ನು ನೋಡುತ್ತಿದ್ದೆ. ಕೊಟ್ಟಿಗೆಹಾರದವರೆಗೆ ಅದು ಸಾಧುವಾದ ಎಮ್ಮೆಯಂತೆ ಬಂತು. ಅಲ್ಲಿ ಹೋಟೆಲಿನ ಮುಂದಣ ಇಳಿಜಾರಿನಲ್ಲಿ ನಿಲ್ಲಿಸಿ ನಾವಿಬ್ಬರೂ ನೀರುದೋಸೆಗೆ ಹೋದೆವು. ಅಕ್ಕ ಕಾಲು ಸಡಿಲಿಸುತ್ತೇನೆಂದು ಕೆಳಗಿಳಿದಳು.

ತಿಂದು ಬಂದ ಭಾವ ನನ್ನ ಕಾರಿನ ಹಿಂಚಕ್ರದ ಬಳಿ ಒಂದು ಕಲ್ಲಿರುವುದನ್ನು ಕಂಡು, ಅದನ್ನು ಕಾಲಿನಿಂದ ಅತ್ತ ಸರಿಸಿ, ಬಸ್ಸು ಹತ್ತಿದರು. ಹುಟ್ಟಿದಂದಿನಿಂದ ಸಾವಿರ ಸಲ ಸರಿಸಿದ ಕಲ್ಲು. ಅದನ್ನು ಯಾರಿಟ್ಟರೆಂದು ಕೇಳುವ ಅಭ್ಯಾಸ ನಮ್ಮವರಿಗಿಲ್ಲ. ಘಟ್ಟದ ನೆತ್ತಿಯವರೆಗೆ ಹೋಗಿ ತಿರುಗಿಸೋಣವೆಂದು ಹೊರಟೆವು. ಬಸ್ಸಿಗೆ ಇಂದೇಕೋ ಉಬ್ಬಸ ಎಂದು ಭಾವ ಗೊಣಗಿದರು. ನಾನು ಹಿಂದೆ ನೋಡಿದೆ. ಕಾರಿನ ಸುತ್ತ ಬಿಳಿಯ ಮುಸುಕು. ಚಾರ್ಮಾಡಿಯಲ್ಲಿ ಮಂಜಿಗೆ ಕಾಲವೇ ಬೇಡವಾದ್ದರಿಂದ ನಾನು ಅದರ ಸೊಬಗನ್ನು ಸವಿಯುತ್ತ ಕುಳಿತೆ. ಮಂಜಿಗೆ ಸುಟ್ಟ ರಬ್ಬರಿನ ವಾಸನೆ ಬಂದ ಮೇಲೆ ಕೂಗಿದೆ.

ಕಾರಿನ ಗೇರು ಮೊದಲನೆಯದರಲ್ಲಿತ್ತು. ಕ್ಲಚ್ಚು ಸುಟ್ಟಿತ್ತು, ಗೇರುಪೆಟ್ಟಿಗೆಯೊಳಗೆ ಹಲ್ಲುಗಳು ಉದುರಿದ ಸದ್ದಾಗುತ್ತಿತ್ತು. ಭಾವ ನನ್ನನ್ನು ನೋಡಿದರು, ನಾನು ಭಾವನನ್ನು ನೋಡಿದೆ. ಅಷ್ಟರಲ್ಲಿ ಅಕ್ಕ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ, ತಾನೇ ಕಾರಿನೊಳಗೆ ಕೈ ತೂರಿಸಿ ಗೇರು ಹಾಕಿದ್ದೆಂದೂ, ಕಲ್ಲನ್ನು ಕಾಲಿನಿಂದ ತಳ್ಳಿ ಒಡ್ಡಿದ್ದೂ ತಾನೇ ಎಂದೂ ಹೇಳಿದಳು.

“ಇಳಿಜಾರಲ್ಲಿ ಗಾಡಿನ ಹಾಗೇ ಬಿಟ್ಟು ದೋಸೆ ತಿನ್ನಕ್ಕೆ ಹೋದ್ರಿ ಇಬ್ರೂ. ಉರುಳಿ ಯಾರ ಮೇಲಾದ್ರೂ ಹೋಗಿದ್ರೆ ಎಂಥ ಮಾಡ್ತಿದ್ರಿ?”

ಅವಳ ಮಾತಿನಲ್ಲಿ ದೋಷ ಹುಡುಕಲು ನನ್ನಂಥವನಿಗೂ ಸಾಧ್ಯವಾಗಲಿಲ್ಲ. ಭಾವ ರಸ್ತೆಯಂಚಿನ ಮೋಟುಗೋಡೆಯ ಮೇಲೆ ಕುಳಿತರು. ಕಾರು ರಿಪೇರಿಯಾಗುವಷ್ಟರಲ್ಲಿ ಮಳೆ ಹಿಡಿಯುತ್ತದೆ, ಮಳೆ ಬಿಟ್ಟರೆ ಕಾಫಿ ಕೊಯ್ಲು. ಇದು ಅವರು ಹೇಳದೆಯೂ ನಮಗೆಲ್ಲ ತಿಳಿದಿತ್ತು. ಕುಳಿತಲ್ಲಿಂದಲೇ, “ಮುಂದಿನ ವರ್ಷ ನೋಡನ,” ಎಂದರು.

“ಮುಂದಿನ ವರ್ಷನ ನಾನು ಮದುವೆ ಆದಾಗಿಂದ ನೋಡ್ತಾ ಇದ್ದೀನಿ,” ಎಂದಳು ಅಕ್ಕ. ಸಿಟ್ಟಿರಲಿಲ್ಲ ದನಿಯಲ್ಲಿ. “ಬಸ್ಸು ಕೆಟ್ಟಿದೆಯಾ?”

“ಬಸ್ಸಿಗೆ ಎಂಥದೂ ಆಗಿಲ್ಲ.”

“ಅಕ್ಕಿ ಇದೆ, ನೀರಿದೆ. ಆ ಕೊಂಡಿ ಕಳಚಿ ಹೋಗನ.”

“ಕಾರಿಲ್ದೆ ಆ ಗಲ್ಲಿಯೊಳಗೆ ಹೆಂಗೆ ಹೋಗ್ತೀಯ ಮಾರಾಯ್ತಿ?”

“ಅಲ್ಲಿ ಇರೋರು ಹೆಂಗೆ ಹೋಗ್ತಾರೆ? ಆಟೋದಲ್ಲಿ.”

ತಿಂಗಳುಗಟ್ಟಲೆ ಕಬ್ಬಿಣ ಬೆಸೆದ ನಮ್ಮಲ್ಲಿ ಒಬ್ಬರಿಗೂ ಆ ಮೂರು ಚಕ್ರಗಳ ಹೆಸರು ಹೊಳೆದಿರಲಿಲ್ಲ. ಭಾವ ಮೊದಲು ತಲೆ ತಗ್ಗಿಸಿದರು, ಆಮೇಲೆ ಅವರ ಭುಜಗಳು ಕುಲುಕತೊಡಗಿದವು. ಅಳುತ್ತಿದ್ದಾರೆಂದು ಗಾಬರಿಯಾಗಿ ಬಳಿಗೆ ಹೋದರೆ ನಗುತ್ತಿದ್ದರು. ಇಬ್ಬರೂ ಸೇರಿ ಕೊಂಡಿ ಕಳಚಿದೆವು. ಕಾರನ್ನು ಊರಿಗೆ ಸಾಗಿಸಲೆಂದು ನಾನು ಉಳಿದೆ. ಬಸ್ಸು ಹಗುರಾಗಿ ಮೊದಲನೆಯ ತಿರುವಿನಲ್ಲಿ ಮರೆಯಾದಾಗ, ಸುಟ್ಟು ನಿಂತ ಕಾರಿನ ಪಕ್ಕದಲ್ಲಿ ನಿಂತಿದ್ದ ನನಗೆ ಆದದ್ದು ದುಃಖವಲ್ಲ. ಬಿಗಿಯಾದ ಚಪ್ಪಲಿಯನ್ನು ಕಳಚಿದಾಗ ಪಾದಕ್ಕಾಗುವಂಥ ಸುಖ. ಕೊಟ್ಟಿಗೆಹಾರದವರೆಗೆ ನಡೆದು, ಮುಖಪರಿಚಯವೂ ಇಲ್ಲದ ಟ್ರ್ಯಾಕ್ಟರಿನವನೊಬ್ಬನನ್ನು, “ಸ್ವಲ್ಪ ಮೂಡಿಗೆರೆವರೆಗೆ ಎಳೆದು ಬಿಡ್ತೀರಾ?” ಎಂದು ಕೇಳಿದೆ. ಅವನು ಬೀಡಿಯನ್ನು ಆರಿಸಿ ತಕ್ಷಣ ಎದ್ದ. ಕೇಳುವುದು ಇಷ್ಟು ಸುಲಭವೆಂದು ನನಗೆ ಯಾರೂ ಕಲಿಸಿರಲಿಲ್ಲ. ನಾನೂ ಯಾವ ಮಕ್ಕಳಿಗೂ ಕಲಿಸಿರಲಿಲ್ಲ.

ಸಂಜೆ ಮನೆಯ ಫೋನು ಗಣಗಣಿಸಿತು. ಯಾವುದೋ ಬೂತಿನಿಂದ ಅಕ್ಕ. ಹಿನ್ನೆಲೆಯಲ್ಲಿ ಹಿರಿದಾದ ಒಂದು ಸದ್ದು ಏಳುತ್ತಿತ್ತು, ಬೀಳುತ್ತಿತ್ತು.

“ಆಟೋದವನು ಮರಳಿನ ತನಕ ತಂದು ಬಿಟ್ಟ ಕಣೋ. ವಾಪಸ್ ಕರ್ಕೊಂಡು ಹೋಗಕ್ಕೆ ಕಾಯ್ತಾ ಇದ್ದಾನೆ, ಪಾಪ. ಆದ್ರೆ ನಿನ್ನ ಭಾವ ಪಂಚೆ ಎತ್ತಿ ಕಟ್ಕೊಂಡು ನೀರಿಗಿಳಿದವರು, ಎಷ್ಟು ಕರೆದ್ರೂ ಬರ್ತಾ ಇಲ್ಲ.”

ಆ ದಿನ ೧೯೯೯ನೆಯ ಇಸವಿ ಏಪ್ರಿಲ್ ತಿಂಗಳ ಹನ್ನೊಂದನೆಯ ತಾರೀಖು, ಭಾನುವಾರ.