ಸಾಹೇಬರು ಅಜ್ಜಿಯ ಮನೆ ನೋಡಲು ಬಂದದ್ದು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಜ್ಜಂಪುರದಲ್ಲಿ ಗ್ರಾಮಸೇವಿಕೆಯಾಗಿದ್ದೆ. ಹೆಂಗಸರಿಗೆ ಹೊಲಿಗೆ ಕಲಿಸುವುದು, ಮಕ್ಕಳಿಗೆ ಚುಚ್ಚುಮದ್ದು ಹಾಕಿಸುವುದು ನನ್ನ ಕೆಲಸ. ವೃದ್ಧಾಪ್ಯ ವೇತನದ ವಿಷಯ ಹಳ್ಳಿಗಳಲ್ಲಿ ತಿಳಿಸು ಎಂದು ನನಗೆ ಯಾರೂ ಹೇಳಿರಲಿಲ್ಲ. ತರೀಕೆರೆಯ ತಾಲ್ಲೂಕು ಕಚೇರಿಯ ಗೋಡೆಗೆ ಅದರ ಪ್ರಕಟಣೆ ಅಂಟಿಸಿದ್ದರು. ಅದನ್ನು ಓದಬೇಕಾದ ಮುದುಕರಲ್ಲಿ ಎಷ್ಟು ಜನಕ್ಕೆ ಓದು ಬರುತ್ತದೆ ಎಂದು ಸಿಟ್ಟು ಬಂತು, ನಾನೇ ಹೊರಟೆ. ಕಡೂರಿನ ಬಯಲಲ್ಲಿ ಹುಟ್ಟಿದವಳು ನಾನು, ಸಿಟ್ಟು ಬಂದರೆ ಕೂತಲ್ಲಿ ಕೂರುವವಳಲ್ಲ.

ಮುದುಕರು ಸುಲಭಕ್ಕೆ ನಂಬುತ್ತಿರಲಿಲ್ಲ. ನಾನೇನು ಮೇಷ್ಟ್ರ ಕೆಲಸ ಮಾಡಿದ್ದೇನಾ ಪಿಂಚಣಿ ತಗೊಳ್ಳೋಕೆ ಎಂದು ಒಬ್ಬ ಅಜ್ಜ ನಕ್ಕ. ಸತ್ತ ಮೇಲೆ ಸರ್ಕಾರ ಮನೆ ಕಿತ್ತುಕೊಂಡರೆ ಏನು ಗತಿ ಎಂದು ಇನ್ನೊಬ್ಬ ಕೇಳಿದ. ನಾನು ಜಗಲಿಯ ಮೇಲೆ ಕೂತು, ಅವರು ಕೊಟ್ಟ ಎಲೆ ಅಡಿಕೆ ಅಗಿಯುತ್ತಾ, ಒಂದೊಂದೇ ಅನುಮಾನ ಬಿಡಿಸುತ್ತಿದ್ದೆ. ಒಪ್ಪಿಸುವುದರಲ್ಲಿ ನನ್ನನ್ನು ಮೀರಿಸುವವರು ಆ ಹೋಬಳಿಯಲ್ಲಿ ಇರಲಿಲ್ಲ, ಈಗಲೂ ಧೈರ್ಯವಾಗಿ ಹೇಳುತ್ತೇನೆ.

ಬುಕ್ಕಾಂಬುಧಿ ಕೆರೆಯ ಆಚೆಗಿನ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿ ಇದ್ದಳು. ಗಂಡ ಹೋಗಿದ್ದ, ಮಕ್ಕಳಾಗಿರಲಿಲ್ಲ, ಕೂಲಿಗೆ ಹೋಗುವ ಶಕ್ತಿ ಉಳಿದಿರಲಿಲ್ಲ. ಒಂದಂಕಣದ ಮನೆ ಇತ್ತು, ಆದರೆ ಅದರಲ್ಲಿ ಒಲೆ ಹಚ್ಚಿ ವರ್ಷಗಳಾಗಿದ್ದವು. ಪಕ್ಕದ ಮನೆಯಾಕೆ ಎರಡು ಹೊತ್ತೂ ತಟ್ಟೆಯಲ್ಲಿ ಮುದ್ದೆ, ಸಾರು ತಂದುಕೊಡುತ್ತಿದ್ದಳು. ನೆಂಟಳಲ್ಲ, ನೆರೆಯವಳು ಅಷ್ಟೇ. ಅವಳು ಒಂದು ದಿನವೂ ಮುಖ ಸಿಂಡರಿಸಿದವಳಲ್ಲ, ಆದರೂ ತಟ್ಟೆಗೆ ಕೈಯೊಡ್ಡುವಾಗ ಅಜ್ಜಿ ಕುಗ್ಗಿಹೋಗುತ್ತಿದ್ದಳು.

"ಸಾಯೋದ್ರೊಳಗೆ ನನ್ನ ಒಲೆ ನಾನೇ ಹಚ್ಬೇಕು ಕಣವ್ವ. ಆಗುತ್ತೇನು?" ಎಂದು ಕೇಳಿದಳು.

ಆಗುತ್ತೆ ಎಂದೆ. ಅರ್ಜಿ ಬರೆದುಕೊಟ್ಟೆ, ಬಸ್ಸಿನಲ್ಲಿ ತರೀಕೆರೆಗೆ ಕರೆದುಕೊಂಡು ಹೋಗಿ ಡಾಕ್ಟರ ಹತ್ತಿರ ವಯಸ್ಸಿನ ಸರ್ಟಿಫಿಕೇಟು ಮಾಡಿಸಿದೆ. ಇನ್ನು ರೆವಿನ್ಯೂ ಇನ್ಸ್‌ಪೆಕ್ಟರು ಬಂದು ಮನೆ ನೋಡಿದರೆ ಮುಗಿಯಿತು ಎಂದು ಹೇಳಿ, ನಾನು ಬೇರೆ ಹಳ್ಳಿಗೆ ಹೋದೆ.

ನಮ್ಮ ಕಡೆ ಒಂದು ಪದ್ಧತಿ. ಹೊರಗಿನವರು ಮನೆ ನೋಡಲು ಬರುವುದು ಸಂಬಂಧ ಬೆಳೆಸುವಾಗ, ಆಗ ಇಡೀ ಬೀದಿ ಆ ಮನೆಗೆ ಕೈಜೋಡಿಸುತ್ತದೆ. ಸಾಹೇಬರು ಬರುತ್ತಾರೆಂದು ತಿಳಿದದ್ದೇ ತಡ, ಒಬ್ಬರು ಹಿತ್ತಾಳೆ ಹಂಡೆ ತಂದಿಟ್ಟರು, ಒಬ್ಬರು ಬೆಳ್ಳಿ ಲೋಟ ಕೊಟ್ಟರು. ಪಕ್ಕದ ಮನೆಯಾಕೆ ತನ್ನ ಹೊಸ ಸೀರೆ ಉಡಿಸಿ, ಅಜ್ಜಿಯ ಬಾಗಿಲಲ್ಲಿ ಕರೆಯುವ ಹಸು ಕಟ್ಟಿ, ಸಾಹೇಬರಿಗೆ ತುಪ್ಪ ಸುರಿದು ಒಬ್ಬಟ್ಟು ಬಡಿಸಿದಳಂತೆ. ನಿನ್ನನ್ನು ನೋಡಿಕೊಳ್ಳುವವರು ಯಾರು ಎಂದು ಅವರು ಕೇಳಿದರೆ, ಬೀದಿಯೆಲ್ಲ ನನ್ನದೇ ಸ್ವಾಮಿ ಎಂದಳಂತೆ ಅಜ್ಜಿ. ಅರ್ಜಿ ತಿರಸ್ಕಾರವಾಯಿತು.

ಸುದ್ದಿ ಕೇಳಿ ನನಗೆ ನಗು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಬೀದಿಯವರನ್ನೆಲ್ಲ ಸೇರಿಸಿ, ನೀವೇನು ಅಜ್ಜಿಗೆ ಗಂಡು ಹುಡುಕುತ್ತಿದ್ದೀರಾ ಎಂದು ಬೈದೆ. ಆಮೇಲೆ ಇನ್ಸ್‌ಪೆಕ್ಟರ ಹತ್ತಿರ ಹೋಗಿ ವಾದ ಮಾಡಿದೆ. ಕೆಟ್ಟ ಮನುಷ್ಯರಲ್ಲ ಅವರು. ಇನ್ನೊಮ್ಮೆ ಬರುತ್ತೇನೆ, ಆದರೆ ದಿನಾ ಅನ್ನ ಹಾಕುವವರು ಇದ್ದಾರೆಂದು ಗೊತ್ತಾದರೆ ನಿಯಮದ ಪ್ರಕಾರ ನನ್ನ ಕೈ ಕಟ್ಟಿಹಾಕಿದಂತೆಯೇ ಎಂದರು.

ಇದನ್ನು ಅಜ್ಜಿಗೂ ಪಕ್ಕದ ಮನೆಯಾಕೆಗೂ ಬಿಡಿಸಿ ಹೇಳಿದೆ. ಸಾಹೇಬರು ಕೇಳಿದಾಗ ನನಗೆ ಯಾರೂ ಅನ್ನ ಹಾಕುವುದಿಲ್ಲ ಅನ್ನು, ಅಷ್ಟೇ ಸಾಕು ಎಂದೆ. ಅಜ್ಜಿ ಒಪ್ಪಲಿಲ್ಲ. ಉಣ್ಣಿಸಿದವಳ ಎದುರಿಗೆ ಆ ಮಾತಾಡಿದರೆ ಬಾಯಿಗೆ ಹುಳ ಬೀಳುತ್ತದೆ, ನಿನ್ನ ವೇತನವೇ ಬೇಡ ಎಂದು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ನನ್ನ ಮಾತಿಗೆ ಅಷ್ಟು ಗಟ್ಟಿಯಾಗಿ ಬಗ್ಗದವರನ್ನು ನಾನು ನೋಡಿದ್ದು ಅದೇ ಮೊದಲು. ಸಿಟ್ಟೂ ಬಂತು, ಅಷ್ಟೇ ಗೌರವವೂ ಬಂತು. ಪಕ್ಕದ ಮನೆಯಾಕೆ ಎದ್ದುಹೋದಳು.

ಎರಡನೇ ಸಲ ಹಂಡೆ ಇರಲಿಲ್ಲ, ಹಸು ಇರಲಿಲ್ಲ. ಸಾಹೇಬರು ಜಗಲಿಯ ಮೇಲೆ ಕೂತು, ಊಟಕ್ಕೆ ಏನು ಮಾಡುತ್ತೀಯಜ್ಜಿ ಎಂದು ಕೇಳಿದರು. ಅಜ್ಜಿ ನೆಲ ನೋಡುತ್ತಾ ಕೂತಳು. ಮತ್ತೆ ಕೇಳಿದರು. ಅವಳು ತುಟಿ ಬಿಚ್ಚಲಿಲ್ಲ. ಎಲ್ಲ ಕೈತಪ್ಪಿತು ಅಂದುಕೊಂಡೆ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ತನ್ನ ಬಾಗಿಲಿಂದ ಇಳಿದು ಬಂದಳು.

"ಈಯಮ್ಮ ನಮಗೇನೂ ಆಗ್ಬೇಕಿಲ್ಲ ಸ್ವಾಮಿ," ಎಂದಳು. "ನಾವು ಅನ್ನ ಹಾಕಲ್ಲ."

ಹೇಳಿದವಳೇ ಅಜ್ಜಿಯ ಮುಖ ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಾಹೇಬರು ಆ ಬಾಗಿಲನ್ನೇ ಸ್ವಲ್ಪ ಹೊತ್ತು ನೋಡಿದರು, ನನ್ನನ್ನೂ ನೋಡಿದರು. ಅವರಿಗೆ ಎಲ್ಲ ಅರ್ಥವಾಗಿತ್ತು ಎಂದೇ ನನ್ನ ನಂಬಿಕೆ. ಪೆನ್ನು ತೆಗೆದು ಬರೆದುಕೊಂಡರು. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅಂದಿನಿಂದ ಪಕ್ಕದ ಮನೆಯಾಕೆ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು, ಮಾತಾಡದೆ ಹೋಗುತ್ತಿದ್ದಳಂತೆ.

ವೇತನ ಮಂಜೂರಾಗಿ ಮೊದಲ ಮನಿಯಾರ್ಡರು ಬಂದ ಮೇಲೆ ಅಜ್ಜಿ ನನಗೆ ಊಟಕ್ಕೆ ಬರಲು ಹೇಳಿಕಳಿಸಿದಳು. ಹೋದಾಗ ಮನೆ ತುಂಬ ಹೊಗೆ. ಪಕ್ಕದ ಮನೆಯಾಕೆ ಗೋಡೆಗೆ ಒರಗಿ, ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿ ಕೂತಿದ್ದಳು. ಅಜ್ಜಿ ಒಲೆಯ ಮುಂದಿಂದ ಎದ್ದು, ಬಿಸಿ ಅನ್ನದ ಪಾತ್ರೆ ಹಿಡಿದು, ನನ್ನನ್ನು ದಾಟಿ ಮೊದಲು ಅವಳ ಎಲೆಯ ಮುಂದೆ ಬಗ್ಗಿದಳು.

"ನೀನು ಹಾಕಲ್ಲ ಅಂದ್ಯಲ್ಲ," ಎಂದಳು. "ನಾನು ಹಾಕ್ತೀನಿ, ಉಣ್ಣು ಮಗಳೇ."