ಸೊಟ್ಟಮ್ಮ ನೇರ ನಡೆದ ದಿನ

ಹೊಲಿಗೆ ಯಂತ್ರ ರಿಪೇರಿ ಮಾಡುವ ಆ ಹೆಂಗಸಿನ ಅಂಗಡಿಗೆ ಮೊದಲ ಸಲ ಹೋದವರಿಗೆ ಸ್ವಲ್ಪ ತಾಳ್ಮೆ ಬೇಕು. ಯಂತ್ರವನ್ನು ಮೇಜಿನ ಮೇಲಿಟ್ಟ ಕೂಡಲೇ ಆಕೆ ಬಿಚ್ಚುವುದಿಲ್ಲ. ತಂದವರನ್ನೇ ಸ್ಟೂಲಿನ ಮೇಲೆ ಕೂರಿಸಿ, ಒಂದು ತುಂಡು ಬಟ್ಟೆ ಕೊಟ್ಟು, ಹೊಲಿಯಿರಿ ಎನ್ನುತ್ತಾಳೆ. ಯಂತ್ರ ನೋಡುವುದು ಬಿಟ್ಟು ಅವರ ಕೈ ನೋಡುತ್ತಾಳೆ.

“ಬಟ್ಟೆ ಎಡಕ್ಕೆ ಎಳೀತಾ ಇದೆ. ನೀವು ಬಲಗೈಲಿ ತಡೀತಾ ಇದ್ದೀರಿ, ಅಲ್ವಾ?”

“ಹೌದಾ? ನಂಗೇ ಗೊತ್ತಿಲ್ಲ ನೋಡು.”

“ಸರಿ ಮಾಡಿಕೊಡ್ತೀನಿ. ಆಮೇಲೆ ತಡೀಬೇಡಿ. ಮೊದಲು ಹಳೇ ಬಟ್ಟೆ ಮೇಲೆ ಹೊಲಿದು ನೋಡಿ.”

“ರಿಪೇರಿ ಮಿಷನ್ನಿಗೋ ನಂಗೋ?” ಎಂದು ನಗುವವರೇ ಹೆಚ್ಚು. ಆಕೆಯೂ ನಗುತ್ತಾಳೆ. ಆದರೆ ಆ ಮಾತು ಹೇಳದೆ ಯಾರನ್ನೂ ಕಳಿಸಿದ್ದಿಲ್ಲ.

ಹೈಸ್ಕೂಲಿನಲ್ಲಿ ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ತಿರುಪು ಎಂದು. ಲಂಗದ ಜೇಬಿನಲ್ಲಿ ಸದಾ ನಾಲ್ಕಾರು ತಿರುಪು ಗಲಗಲ ಅನ್ನುತ್ತಿದ್ದವು. “ಇವಳ ತಲೆಯದ್ದೇ ಉದುರಿರಬೇಕು” ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಶಾಲೆಯ ರೋಬೋ ತಂಡದಲ್ಲಿ ಬಿಚ್ಚುವುದು, ಬಿಗಿಯುವುದು ಅವಳ ಕೆಲಸ. ರಿಮೋಟ್ ಹಿಡಿದು ಓಡಿಸುವುದು ಅವಳ ಗೆಳತಿಯದು. ಆ ಗೆಳತಿಯ ಅಡ್ಡಹೆಸರು ಹೆಬ್ಬೆಟ್ಟು. ತರಗತಿಗೇ ಮೊದಲಿಗಳಾದವಳಿಗೆ ಅಂಥ ಹೆಸರಿಟ್ಟಿದ್ದೇ ಒಂದು ತಮಾಷೆ.

ಹೆಸರಿಗೆ ಕಾರಣ ಅವರ ರೋಬೋ. ಅದರ ಎಡಗಾಲಿಯ ಮೋಟಾರು ಸೋತಿತ್ತು. ಮುಂದೆ ಹೋಗು ಎಂದರೆ ಎಡಕ್ಕೆ ವಾಲುತ್ತಿತ್ತು. ಅದನ್ನು ಎಲ್ಲರೂ ಸೊಟ್ಟಮ್ಮ ಎಂದು ಕರೆದರು. ಗೆಳತಿ ರಿಮೋಟಿನ ಹಿಡಿಯನ್ನು ಹೆಬ್ಬೆರಳಿನಿಂದ ಸದಾ ಚೂರು ಬಲಕ್ಕೆ ಒತ್ತಿಕೊಂಡೇ ಓಡಿಸುತ್ತಿದ್ದಳು. ನೋಡುವವರಿಗೆ ಸೊಟ್ಟಮ್ಮ ನೇರವಾಗಿಯೇ ಹೋಗುತ್ತಿದ್ದಳು. ಬೆರಳು ಮಾತ್ರ ಊದಿ, ತುದಿ ಒಡೆದು, ಪ್ಲಾಸ್ಟರ್ ಸುತ್ತಿಕೊಂಡಿರುತ್ತಿತ್ತು. ಮಧ್ಯಾಹ್ನ ಊಟದ ಡಬ್ಬಿಯ ಮುಚ್ಚಳ ತೆಗೆಯಲಾಗದೆ, “ತಿರುಪು, ಬಿಚ್ಚೇ” ಎಂದು ಮುಂದೆ ಚಾಚುತ್ತಿದ್ದಳು.

ಆ ವರ್ಷ ಗೆಳತಿಯ ಅಪ್ಪನಿಗೆ ದೂರದೂರಿಗೆ ವರ್ಗವಾಯಿತು. ಹುಡುಗಿ ಅತ್ತು ಕರೆದು, ಶಾಲೆ ಮುಗಿಯುವವರೆಗೆ ಸೋದರತ್ತೆಯ ಮನೆಯಲ್ಲಿ ಇರುತ್ತೇನೆಂದು ಹಟ ಹಿಡಿದಳು. ಅಪ್ಪ ಒಂದು ಮಾತು ಕೊಟ್ಟರು. “ಈ ರೋಬೋ ಸ್ಪರ್ಧೆ ಗೆದ್ದು ಮುಂದಿನ ಸುತ್ತಿಗೆ ಹೋದರೆ ಇರು. ಸೋತರೆ ಸುಮ್ಮನೆ ಗಾಡಿ ಹತ್ತು. ಆಮೇಲೆ ರಾಗ ಎಳೀಬಾರದು.”

ಸ್ಪರ್ಧೆಯ ಹಿಂದಿನ ದಿನ ಸಂಜೆ ಹೊಸ ಮೋಟಾರು ಬಂತು. ಹೆಬ್ಬೆಟ್ಟು ಆಗಲೇ ಮನೆಗೆ ಹೋಗಿದ್ದಳು. ವರ್ಕ್‌ಶಾಪ್ ಮೇಷ್ಟ್ರು ಪೊಟ್ಟಣವನ್ನು ತಿರುಪಿನ ಕೈಗಿಟ್ಟು, “ಹಾಕೋದಾದ್ರೆ ಹಾಕು. ಓಡಿಸೋಳಿಗೆ ಹೇಳೋದು ಮರೀಬೇಡ” ಎಂದರು. ಅವಳು ಹೂಂ ಎಂದಳು.

ಮರೆಯಲಿಲ್ಲ. ಹೇಳಬಾರದೆಂದುಕೊಂಡಳು. ನಾಳೆ ರಿಮೋಟ್ ಹಿಡಿದಾಗ ಬೆರಳಿಗೆ ನೋವಿಲ್ಲದೆ, ಇದೇನಿದು ಎಂದು ಗೆಳತಿ ತಿರುಗಿ ನೋಡುವ ಮುಖವನ್ನು ನೋಡಬೇಕಿತ್ತು ಅವಳಿಗೆ. ಮೋಟಾರು ಕೂಡಿಸಿ ಕಾರಿಡಾರಿನಲ್ಲಿ ಬಿಟ್ಟಳು. ಸೊಟ್ಟಮ್ಮ ದಾರ ಹಿಡಿದಂತೆ ನೇರ ಹೋದಳು. ತಿರುಪು ಒಬ್ಬಳೇ ಚಪ್ಪಾಳೆ ತಟ್ಟಿದಳು.

ಮಾರನೆಯ ದಿನ ಹೆಬ್ಬೆಟ್ಟು ಅಪ್ಪನ ಜೊತೆ ನೇರವಾಗಿ ಸ್ಪರ್ಧೆಯ ಸಭಾಂಗಣಕ್ಕೇ ಬಂದಳು. ಅಂಕಣದ ನಡುವೆ ಒಂದು ಕಿರಿದಾದ ಹಲಗೆ ಸೇತುವೆ. ಬಳೆಯಾಕಾರದ ಬಣ್ಣದ ತುಂಡುಗಳನ್ನು ಎತ್ತಿಕೊಂಡು ಅದನ್ನು ದಾಟಬೇಕು. ಬಿದ್ದ ರೋಬೋವನ್ನು ಯಾರೂ ಕೈಯಿಂದ ಎತ್ತುವಂತಿಲ್ಲ.

ಸೀಟಿ ಊದಿದರು. ಹೆಬ್ಬೆಟ್ಟು ಹಿಡಿಯನ್ನು ಮುಂದಕ್ಕೆ ಒತ್ತಿದಳು, ಎಂದಿನಂತೆ ಚೂರು ಬಲಕ್ಕೆ. ಸೊಟ್ಟಮ್ಮ ಸೇತುವೆ ಹತ್ತಿದಳು, ಬಲಕ್ಕೆ ಸರಿದಳು, ಬಿದ್ದಳು. ಮಗುಚಿಕೊಂಡ ಅವಳ ಚಕ್ರಗಳು ಗಾಳಿಯಲ್ಲಿ ತಿರುಗುತ್ತಲೇ ಇದ್ದವು.

ಗೆಳತಿ ತಿರುಗಿ ನೋಡಿದಳು. ತಿರುಪು ಕಾದಿದ್ದ ಮುಖ ಅದಾಗಿರಲಿಲ್ಲ. ಬೆರಳಿಗೆ ಎಲ್ಲ ತಿಳಿದುಹೋಗಿತ್ತು.

“ಸರಿ ಮಾಡಿದ್ಯಾ?” ಎಂದು ತುಟಿಯಲ್ಲೇ ಕೇಳಿದಳು. ತಿರುಪು ಹೌದೆಂದು ತಲೆಯಾಡಿಸಿದಳು.

“ಏನೇ ಇದು, ಕಣ್ಣು ಎಲ್ಲಿಟ್ಟಿದ್ದೆ?” ಎಂದು ತಂಡದ ನಾಯಕ ಹುಡುಗ ರೇಗಿದ. ತಿರುಪು ಬಾಯಿ ತೆರೆಯುವಷ್ಟರಲ್ಲಿ ಹೆಬ್ಬೆಟ್ಟು ಅವಳ ಕೈ ಹಿಡಿದು ಜೋರಾಗಿ ಒತ್ತಿದಳು. “ಕೈ ತಪ್ಪಿತು ಕಣೋ. ನಂದೇ” ಎಂದಳು. ಅವಳ ಅಪ್ಪ ಮಗಳ ಚೀಲವನ್ನು ತಾವೇ ಹೆಗಲಿಗೆ ಹಾಕಿಕೊಂಡರು.

ಎರಡು ದಿನ ರಜೆ. ಎರಡನೆಯ ದಿನ ಬೆಳಿಗ್ಗೆ ಗೆಳತಿಯ ಮನೆ ಮುಂದೆ ಲಾರಿ ನಿಂತಿತ್ತು. ಮಂಚ, ಬೀರು, ಹಗ್ಗ ಕಟ್ಟಿದ ಪಾತ್ರೆಯ ಮೂಟೆ. ತಿರುಪು ಗೇಟಿನ ಹತ್ತಿರ ನಿಂತೇ ಇದ್ದಳು. ಒಳಗೆ ಹೋಗುವ ಮುಖ ಇರಲಿಲ್ಲ.

ಗೆಳತಿಯ ಅಮ್ಮನೇ ಕರೆದರು. “ಬಾರೇ ಒಳಗೆ, ಹೊರಗಿನವಳ ಹಾಗೆ ನಿಂತಿದ್ದೀಯಲ್ಲ.”

ಖಾಲಿ ಕೋಣೆಯಲ್ಲಿ ಇಬ್ಬರೂ ಗೋಡೆಗೆ ಒರಗಿ ಕೂತರು. ತಿರುಪು ಏನೇನೋ ಹೇಳಬೇಕೆಂದು ಬಂದಿದ್ದಳು. ಬಾಯಿಂದ ಬಂದದ್ದು, “ನಿನ್ನ ಬೆರಳು ನೋಯ್ತಿತ್ತಲ್ಲ, ಅದಕ್ಕೆ” ಎನ್ನುವುದಷ್ಟೇ.

“ಗೊತ್ತು ಕಣೆ, ಪೆದ್ದಿ.” ಹೆಬ್ಬೆಟ್ಟು ಅವಳತ್ತ ತಿರುಗಿ ಕೇಳಿದಳು, “ನಿಜವಾಗ್ಲೂ ನೇರ ಹೋಗ್ತಿತ್ತಾ?”

“ದಾರ ಹಿಡಿದ ಹಾಗೆ.”

“ಒಂದು ಸಲ ನೋಡ್ಬೇಕಿತ್ತು.”

ಸೊಟ್ಟಮ್ಮನನ್ನಿಟ್ಟಿದ್ದ ಶಾಲೆಯ ವರ್ಕ್‌ಶಾಪಿಗೆ ಬೀಗ. ಕೀಲಿ ಮೇಷ್ಟ್ರ ಹತ್ತಿರ, ಮೇಷ್ಟ್ರು ಊರಲ್ಲಿಲ್ಲ. ಹೊರಗೆ ಲಾರಿಯವನು ಹಾರ್ನ್ ಹೊಡೆದ. ಹೆಬ್ಬೆಟ್ಟು ಎದ್ದಳು, ಲಂಗ ಕೊಡವಿಕೊಂಡಳು, ಹೊರಟಳು. ಒಂದೆರಡು ವರ್ಷ ಫೋನು ಬರುತ್ತಿತ್ತು. ಆಮೇಲೆ ಆ ನಂಬರು ಬೇರೆ ಯಾರದೋ ಆಯಿತು.

ಶಾಲೆ ತೆರೆದ ದಿನ ತಿರುಪು ಎಲ್ಲರಿಗಿಂತ ಮೊದಲು ಹೋದಳು. ಬೀಗ ತೆಗೆಸಿ, ಸೊಟ್ಟಮ್ಮನನ್ನು ಕಾರಿಡಾರಿನಲ್ಲಿಟ್ಟು, ಹಿಡಿಯನ್ನು ಮುಂದಕ್ಕೆ ಒತ್ತಿದಳು. ಅದು ಆ ತುದಿಯವರೆಗೆ ಚೂರೂ ವಾಲದೆ ಹೋಯಿತು. ತಿರುಪು ಪಕ್ಕಕ್ಕೆ ತಿರುಗಿ, “ನೋಡಿದ್ಯಾ?” ಎಂದಳು. ಆಮೇಲೆ ತಾನೇ ನಡೆದು ಹೋಗಿ, ಗೋಡೆಗೆ ಗುದ್ದಿ ನಿಂತಿದ್ದ ಅದನ್ನು ಎತ್ತಿಕೊಂಡಳು.