ಚಾಕು ಅಕ್ಕನೂ ಪುಟ್ಟಿಯ ಮೊದಲ ತುತ್ತೂ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಾನು ಪಾತ್ರೆ ತೊಳೆಯುವವಳು, ಅವಳು ತರಕಾರಿ ಹೆಚ್ಚುವವಳು. ಎಲ್ಲರೂ ಅವಳನ್ನು ಚಾಕು ಅಕ್ಕ ಅಂತಲೇ ಕರೆಯುವುದು. ಕ್ಯಾರೆಟ್ಟು, ಬೀನ್ಸು, ಆಲೂಗಡ್ಡೆ ಮೂಟೆಗಟ್ಟಲೆ ತಂದು ಸುರಿದರೂ ಸರಿ, ಊಟದ ಗಂಟೆ ಹೊಡೆಯುವುದಕ್ಕೆ ಬಹಳ ಮುಂಚೆಯೇ ಎಲ್ಲವೂ ಕಡಲೆ ಗಾತ್ರದ ಚೂರುಗಳಾಗಿ ಬುಟ್ಟಿ ಸೇರಿರುತ್ತವೆ. ಚೂರು ದೊಡ್ಡದಾದರೆ ಬೇಯುವುದು ತಡ. ತಡವಾದರೆ ಅಡುಗೆಯವನ ಬಾಯಿಗೆ ಬೀಳಬೇಕು. ಹಾಗಾಗಿ ಅವಳ ಕೈ ಸಣ್ಣಗೆ ಹೆಚ್ಚುವುದನ್ನು ಬಿಟ್ಟು ಬೇರೇನೂ ಕಲಿಯಲಿಲ್ಲ. ಮಾತಾಡುತ್ತಾ, ಆಕಳಿಸುತ್ತಾ, ಒಮ್ಮೊಮ್ಮೆ ಕಣ್ಣು ಮುಚ್ಚಿಕೊಂಡೇ ಹೆಚ್ಚುತ್ತಾಳೆ.

ನಮ್ಮಿಬ್ಬರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಬಂದರೆ ನಾನು ಚಾಪೆ ಹಾಸಿ ಹೆಣದ ಹಾಗೆ ಬಿದ್ದುಕೊಳ್ಳುತ್ತೇನೆ. ಅವಳಿಗೆ ಆ ಭಾಗ್ಯವಿಲ್ಲ. ಅವಳು ಬರುವುದನ್ನೇ ಕಾಯುತ್ತಾ ಮಗಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ. ಮೊಮ್ಮಗಳು ಪುಟ್ಟಿ ಒಬ್ಬರ ಕಂಕುಳಿಂದ ಇನ್ನೊಬ್ಬರ ಕಂಕುಳಿಗೆ ದಾಟಿದ ಕೂಡಲೇ ಮಗಳು ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರಿಗೆ ಓಡುತ್ತಾಳೆ. ಅಳಿಯ ಲಾರಿ ಓಡಿಸುವವನು, ಮನೆಯಲ್ಲಿ ಇದ್ದದ್ದಕ್ಕಿಂತ ಫೋನಿನಲ್ಲಿ ಇದ್ದದ್ದೇ ಹೆಚ್ಚು.

ಪುಟ್ಟಿಗೆ ಆಗ ಎಂಟು ತಿಂಗಳು ನಡೆಯುತ್ತಿತ್ತು. ತಾಯಿಯ ಹಾಲು ಬಿಟ್ಟರೆ ಬೇರೇನನ್ನೂ ಮುಟ್ಟದು. ಬಾಟಲಿ ಕಂಡರೆ ಮುಖ ಆಚೆ, ಚಮಚ ಕಂಡರೆ ಬಾಯಿಗೆ ಬೀಗ. ಮಧ್ಯಾಹ್ನದಿಂದ ತಾಯಿ ಬರುವವರೆಗೂ ಹಸಿದು ಅಳುತ್ತಿತ್ತು. ಆ ಅಳು ಗೋಡೆ ದಾಟಿ ಬಂದು ನನ್ನ ನಿದ್ದೆಗೂ ಕಲ್ಲು ಹಾಕುತ್ತಿತ್ತು. ಸಿಟ್ಟು ಬರುತ್ತಿರಲಿಲ್ಲ ಅಂದರೆ ಸುಳ್ಳಾದೀತು.

"ಈ ವಾರ ನೋಡ್ತೀನಮ್ಮಾ," ಅಂದಳು ಮಗಳು ಒಂದು ದಿನ. "ಹಸುಗೂಸನ್ನ ಹೀಗೆ ಉಪವಾಸ ಕೆಡವೋದು ನನ್ನಿಂದಾಗಲ್ಲ. ಏನೂ ತಿನ್ನಲಿಲ್ಲ ಅಂದ್ರೆ ಕೆಲಸ ಬಿಟ್ಟುಬಿಡ್ತೀನಿ."

"ಬಿಟ್ಟು?" ಅಂದಳು ಚಾಕು ಅಕ್ಕ.

ಲಸಿಕೆ ಹಾಕಿಸಲು ಹೋದಾಗ ನರ್ಸಮ್ಮ ಒಂದು ದಾರಿ ಹೇಳಿದರು. ಚಮಚ ಬೇಡ ಅಂದರೆ ಬಿಡಿ, ಕೈಗೇ ಕೊಡಿ, ತಾನೇ ಹಿಡಿದು ತಿನ್ನಲಿ. ಎರಡು ಬೆರಳ ನಡುವೆ ಒತ್ತಿದರೆ ಹಿಸುಕಿಹೋಗುವಷ್ಟು ಬೆಂದಿರಬೇಕು, ದೊಡ್ಡವರ ಬೆರಳಿನಷ್ಟು ಉದ್ದವಿರಬೇಕು, ಪಕ್ಕದಲ್ಲೇ ಯಾರಾದರೂ ಕೂತಿರಬೇಕು.

ಏನು ಕೊಡುವುದು ಎಂಬುದಕ್ಕೆ ಮನೆಯಲ್ಲಿ ದೊಡ್ಡ ಸಭೆಯೇ ಸೇರಿತು. ಯಾರೂ ಕರೆಯದಿದ್ದರೂ ನಾನೂ ಹೋಗಿ ಕೂತೆ. ಸೇಬು ಗಟ್ಟಿ. ದ್ರಾಕ್ಷಿ ಗುಂಡಗಿರುತ್ತೆ, ಅದರ ಹೆಸರೇ ಎತ್ತಬೇಡಿ ಅಂದಿದ್ದರು ನರ್ಸಮ್ಮ. ಬ್ರೆಡ್ಡು ಅಂಗುಳಿಗೆ ಅಂಟುತ್ತದೆ, ಬಾಳೆಹಣ್ಣು ಕೈಯಿಂದ ಜಾರುತ್ತದೆ. ಹೀಗೆ ಒಂದೊಂದಕ್ಕೂ ಒಂದೊಂದು ತಕರಾರು ತೆಗೆದು ಕೊನೆಗೆ ಬೇಯಿಸಿದ ಕ್ಯಾರೆಟ್ಟು, ಅದಾಗದಿದ್ದರೆ ಗೆಣಸು ಅಂತ ತೀರ್ಮಾನವಾಯಿತು.

"ಅಮ್ಮಾ, ನಾನು ಮೊದಲು ಏನು ತಿಂದೆ?" ಮಗಳು ಕೇಳಿದಳು.

"ಏನೋ ಹಣ್ಣು ಅಂದಿದ್ರು ಆಗಿನ ಪಕ್ಕದ ಮನೆಯವರು. ನಾನು ಕೆಲಸಕ್ಕೆ ಹೋಗಿದ್ದೆ."

"ನಾನಂತೂ ಇವಳು ತಿನ್ನೋದನ್ನ ಕಣ್ಣಾರೆ ನೋಡ್ಬೇಕಪ್ಪಾ."

ಚುಚ್ಚಲೆಂದು ಅವಳು ಹೇಳಿದ್ದಲ್ಲ. ಆದರೂ ಚುಚ್ಚಿತು. ಚಾಕು ಅಕ್ಕ ಎದ್ದು ಹೋಗಿ ಸುಮ್ಮಸುಮ್ಮನೆ ಒಂದು ಲೋಟ ತೊಳೆದಳು.

ಮರುದಿನದಿಂದ ಪಡಿಪಾಟಲು ಶುರು. ಚಾಕು ಅಕ್ಕ ಕ್ಯಾರೆಟ್ಟು ಮುಂದಿಟ್ಟುಕೊಂಡಳು, ಚಾಕು ಹಿಡಿದಳು, ಒಂದು ಆಕಳಿಕೆ ಬಂತು. ಅಷ್ಟರಲ್ಲಿ ಕ್ಯಾರೆಟ್ಟು ಕಡಲೆಯಾಗಿತ್ತು. ಅದನ್ನೇ ಬೇಯಿಸಿ ತಟ್ಟೆಗೆ ಹಾಕಿದಳು. ಮಗು ಅಂಗೈಯಲ್ಲಿ ಬಡಿಯಿತು, ಗೋರಿತು, ಒಂದು ಚೂರೂ ಹಿಡಿತಕ್ಕೆ ಸಿಗಲಿಲ್ಲ. ಬಾಯಿ ಒಂದನ್ನು ಬಿಟ್ಟು ಕಿವಿ, ಮೂಗು, ಕೂದಲು ಎಲ್ಲಾ ಕಡೆ ಮೆತ್ತಿಕೊಂಡು ಆಮೇಲೆ ಅಳಲು ಶುರು ಮಾಡಿತು.

"ಉದ್ದುದ್ದ ಹೆಚ್ಚೇ ತಾಯಿ," ಅಂದೆ ನಾನು. "ಆ ಮುಷ್ಟಿಗೆ ಇದು ಸಿಗುತ್ತಾ?"

"ತಲೆಗೆ ಗೊತ್ತು ಕಣೆ. ಕೈ ಕೇಳ್ತಿಲ್ಲ. ಮತ್ತೆ ಅಷ್ಟುದ್ದದ್ದು ಕೊಟ್ಟು ಗಂಟಲಿಗೆ ಸಿಕ್ಕಿಕೊಂಡ್ರೆ?"

ಮಾರನೆಯ ದಿನವೂ ಅದೇ ಕಥೆ, ಅದರ ಮಾರನೆಯ ದಿನ ಗೆಣಸಿಗೂ ಅದೇ ಗತಿ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಹೊಟ್ಟೆಪಾಡಿಗೆ ಕಲಿತದ್ದೂ ಹೋಗುವುದಿಲ್ಲ. ಸಂಜೆ ಮಗಳು ಬಂದು ತಟ್ಟೆ ನೋಡುವಳು, ತಾಯಿ ತಲೆ ಅಲ್ಲಾಡಿಸುವಳು. ಇಬ್ಬರಿಗೂ ಜಗಳವಾಡುವಷ್ಟು ತ್ರಾಣವೂ ಉಳಿದಿರುತ್ತಿರಲಿಲ್ಲ.

ವಾರದ ಕೊನೆಯ ದಿನ ಕ್ಯಾಂಟೀನಿನಲ್ಲಿ ಜೊತೆಗೆ ಹೆಚ್ಚುವವಳು ರಜೆ ಹಾಕಿದ್ದಳು. ಇಬ್ಬರ ಕೆಲಸ ಒಬ್ಬಳೇ ಎಳೆದು ಮನೆಗೆ ಬರುವಾಗ ಚಾಕು ಅಕ್ಕನ ಹೆಬ್ಬೆರಳು ಬುಡದಲ್ಲಿ ಊದಿಕೊಂಡಿತ್ತು. ಮಗಳು ಮಗುವನ್ನು ಕೊಟ್ಟು ಕೆಲಸಕ್ಕೆ ಓಡಿದಳು. ಚಾಕು ಅಕ್ಕ ಚಾಕು ಹಿಡಿಯಲು ನೋಡಿದಳು, ಬೆರಳು ಮಡಚಲಿಲ್ಲ. "ಹಾಳಾಗಿ ಹೋಗ್ಲಿ," ಅಂದವಳೇ ಕ್ಯಾರೆಟ್ಟು ತೊಳೆದು ಇಡಿಯಾಗಿ ಕುದಿಯುವ ನೀರಿಗೆ ಹಾಕಿದಳು. ಚೆನ್ನಾಗಿ ಬೆಂದ ಮೇಲೆ ಸಿಪ್ಪೆ ಉಜ್ಜಿ ತೆಗೆದು, ಒತ್ತಿ ನೋಡಿ, ಕೈಯಲ್ಲೇ ಉದ್ದಕ್ಕೆ ಸೀಳಿ, ಆರಲು ಬಿಟ್ಟು, ಒಂದು ಸೀಳನ್ನು ಮಗುವಿನ ಮುಂದಿಟ್ಟಳು. ಅಳು ಕೇಳಲಾರದೆ ನಾನೂ ಬಂದು ಕೂತಿದ್ದೆ.

ಪುಟ್ಟಿ ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯಿತು. ಮುಷ್ಟಿಯಿಂದ ಮೇಲೆ ಒಂದಿಷ್ಟು ತುದಿ ಉಳಿದಿತ್ತು. ಆ ತುದಿ ಬಾಯಿಗೆ ಹೋಯಿತು. ಹುಣಸೆ ಚೀಪಿದವರ ಹಾಗೆ ಮುಖ ಕಿವುಚಿತು, ಒಸಡಿನಲ್ಲೇ ಜಗಿಯಿತು, ಒಮ್ಮೆ ಓಕರಿಸಿತು. ನಮ್ಮಿಬ್ಬರ ಜೀವ ಬಾಯಿಗೆ ಬಂತು. ಮಗು ಮಾತ್ರ ಚೂರನ್ನು ನಾಲಿಗೆಯಿಂದ ಮುಂದಕ್ಕೆ ತಂದುಕೊಂಡು, ಮತ್ತೆ ಜಗಿದು, ನುಂಗಿ, ಇನ್ನೂ ಬೇಕೆಂದು ತಟ್ಟೆ ಬಡಿಯಿತು.

ಚಾಕು ಅಕ್ಕ ಗೋಡೆಗೆ ಒರಗಿ ಅತ್ತುಬಿಟ್ಟಳು. ಸಂತೋಷ ಎಷ್ಟಿತ್ತೋ ಸುಸ್ತೂ ಅಷ್ಟೇ ಇತ್ತು.

"ಮಗಳಿಗೆ ಫೋನ್ ಮಾಡೇ," ಅಂದೆ.

ಫೋನು ಎತ್ತಿಕೊಂಡಳು. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ಕೆಳಗಿಟ್ಟಳು. "ಬೇಡ," ಅಂದಳು.

ಆಮೇಲೆ ಮಗುವಿನ ಮುಖ, ಕತ್ತಿನ ಮಡಿಕೆ, ಬೆರಳ ಸಂದಿ ಎಲ್ಲವನ್ನೂ ಒರೆಸಿದಳು. ಕಲೆಯಾದ ಅಂಗಿ ಬದಲಿಸಿ ಒಗೆದು ಹಾಕಿದಳು. ಉಳಿದ ಸೀಳುಗಳನ್ನು ತಟ್ಟೆಯಲ್ಲಿ ಮುಚ್ಚಿಟ್ಟು ನನ್ನ ಕಡೆ ತಿರುಗಿ, "ಬಾಯಿ ಬಿಟ್ಟೀಯ, ಜೋಕೆ," ಅಂದಳು. ನನ್ನ ಬಾಯಿಯ ಮೇಲೆ ಅವಳಿಗೆ ನಂಬಿಕೆ ಇಲ್ಲದಿರುವುದಕ್ಕೆ ಕಾರಣಗಳಿವೆ, ಇರಲಿ.

ಸಂಜೆ ಮಗಳು ಬಂದು ಬಾಗಿಲಲ್ಲೇ ತಾಯಿಯ ಮುಖ ನೋಡಿದಳು.

"ಇಲ್ಲ ಕಣಮ್ಮಾ. ಕೈ ನೋವು, ಇವತ್ತು ಕೊಟ್ಟೇ ಇಲ್ಲ. ಬೇಯಿಸಿಟ್ಟಿದ್ದೀನಿ, ಹಾಲಿಗೆ ಮುಂಚೆ ನೀನೇ ಒಂದ್ಸಲ ಕೊಟ್ಟು ನೋಡು," ಅಂದು ಚಾಕು ಅಕ್ಕ ಚಾಪೆಯ ಮೇಲೆ ಉರುಳಿ ಗೋಡೆಯ ಕಡೆ ಮುಖ ಮಾಡಿದಳು.

ಮಗಳು ಕೈ ತೊಳೆದು ಬಂದು ಒಂದು ಸೀಳನ್ನು ಪುಟ್ಟಿಯ ಮುಂದಿಟ್ಟಳು.

"ಅಮ್ಮಾ! ಎದ್ದೇಳಮ್ಮಾ! ತಿಂತಿದ್ದಾಳೆ! ಬಾ ಬೇಗ, ಮೊದಲ್ನೇ ತುತ್ತು!" ಮಗಳು ಕೂಗಿದಳು.

ಬೆಳಗಿನಿಂದ ಬೆನ್ನು ನೆಲಕ್ಕೆ ತಾಗಿಸಿದ್ದು ಅದೇ ಮೊದಲು. ಆದರೂ ಚಾಕು ಅಕ್ಕ ಗೋಡೆ ಹಿಡಿದು ಎದ್ದಳು. "ಹೌದಾ? ಎಲ್ಲಿ, ಎಲ್ಲಿ?" ಅನ್ನುತ್ತಾ ಬಂದು ಮಗಳ ಪಕ್ಕ ಕೂತು, ಮೊದಲ ಸಲ ನೋಡುವವಳ ಹಾಗೆ ನೋಡಿದಳು.